ಪೇಪರಿನಲ್ಲಿ ಬಾರದ ಫೋಟೋ

ಹೊಸ ಫ್ಲೆಕ್ಸಿನ ಸುರುಳಿ ಬಿಚ್ಚಿದಾಗ ಒಂದು ವಾಸನೆ ಬರುತ್ತದೆ. ಬಣ್ಣ, ಪ್ಲಾಸ್ಟಿಕ್ಕು, ಸೀಮೆಎಣ್ಣೆ ಎಲ್ಲ ಸೇರಿದಂಥದ್ದು. ಮೊನ್ನೆ ಹೆಬ್ಬಾಳದ ಒಂದು ಹೋಟೆಲಿನ ಸಭಾಂಗಣದಲ್ಲಿ ನನ್ನ ಕಣ್ಣೆದುರೇ ಒಂದನ್ನು ಬಿಚ್ಚಿದರು. ಸಣ್ಣ ಉದ್ದಿಮೆದಾರರಿಗೆ ಸಾರ್ವಜನಿಕ ಸಂಪರ್ಕದಲ್ಲಿ ಆಗುವ ತಪ್ಪುಗಳ ಬಗ್ಗೆ ನಾನು ಮಾತಾಡಬೇಕಿತ್ತು. ಫ್ಲೆಕ್ಸಿನ ತುಂಬ ನನ್ನದೇ ಮುಖ, ಹುಟ್ಟಿದ್ದಕ್ಕಿಂತ ಎರಡು ಪಟ್ಟು ಬೆಳ್ಳಗೆ. ನನ್ನ ಮೊದಲ ಆಫೀಸಿನ ತುಂಬ ಇರುತ್ತಿದ್ದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೇಡಂ ನೆನಪಾದರು. ಅವರಿದ್ದಿದ್ದರೆ ಆ ಮುಖ ನೋಡಿ, "ಇದ್ಯಾರೇ ಹೊಸಬಳು?" ಎಂದು ಕೇಳಿರುತ್ತಿದ್ದರು...

ಮೇಡಂ ಎಂದರೆ ನನಗೆ ಮೊದಲ ಕೆಲಸ ಕೊಟ್ಟವರು. ಆರ್.ಟಿ. ನಗರದ ಬಸ್ಸು ಆಟೋಗಳ ಗದ್ದಲದ ನಡುವೆ ಅವರ ಪುಟ್ಟ ಪಿ.ಆರ್. ಆಫೀಸು. ಶಾಲೆ, ನರ್ಸಿಂಗ್ ಹೋಮ್, ಲೇಔಟ್ ಮಾಡುವವರು, ಇಂಥವರ ಸುದ್ದಿಯನ್ನು ಪತ್ರಿಕೆಗೆ ಮುಟ್ಟಿಸುವುದು, ಎಡವಟ್ಟಾದಾಗ ಅವರ ಮಾನ ಕಾಪಾಡುವುದು ನಮ್ಮ ಕಸುಬು. ಮೇಡಂ ತಮ್ಮ ನೆರೆತ ಕೂದಲಿಗೆ ಬಣ್ಣ ಹಚ್ಚುತ್ತಿರಲಿಲ್ಲ. ಬಣ್ಣ ಹಚ್ಚುವ ಕೆಲಸ ಹಗಲೆಲ್ಲ ಮಾಡುತ್ತೀನಲ್ಲ, ಸಾಕು ಎನ್ನುತ್ತಿದ್ದರು. ಗ್ರಾಹಕರು ಬರೆದು ತರುತ್ತಿದ್ದ ಪ್ರಕಟಣೆಗಳಲ್ಲಿ ಸುದ್ದಿ ಒಂದು ಸಾಲು, ವೇದಿಕೆಯ ಮೇಲಿದ್ದ ಗಣ್ಯರ ಹೆಸರು ಒಂದು ಪುಟ ಇರುತ್ತಿತ್ತು. ಮೇಡಂ ಗಣ್ಯರನ್ನೆಲ್ಲ ಕೆಂಪು ಶಾಯಿಯಲ್ಲಿ ವೇದಿಕೆಯಿಂದ ಕೆಳಗಿಳಿಸುತ್ತಿದ್ದರು. ಯಾರಾದರೂ ದೂರುವ ಮೊದಲೇ "ನಮ್ಮದೇನೂ ತಪ್ಪಿಲ್ಲ" ಎಂಬ ಹೇಳಿಕೆ ಹಿಡಿದು ಬಂದವರಿಗೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಡಿ ಎಂದು ಮುಖಕ್ಕೇ ಹೇಳುತ್ತಿದ್ದರು.

ದಿನವಿಡೀ ಫೋನಿನಲ್ಲಿರುತ್ತಿದ್ದರು. ಯಾವ ವರದಿಗಾರನ ತಾಯಿಗೆ ಮಂಡಿ ನೋವು, ಯಾರ ಮಗಳಿಗೆ ಪರೀಕ್ಷೆ, ಎಲ್ಲ ಬಲ್ಲರು. ಸುದ್ದಿಯೇ ಇಲ್ಲದ ದಿನ ಯಾಕೆ ಫೋನ್ ಮಾಡುತ್ತೀರಿ ಎಂದು ಒಮ್ಮೆ ಕೇಳಿದೆ.

"ಕೆಲಸ ಇದ್ದಾಗ ಮಾತ್ರ ಮಾಡಿದ್ರೆ ಅದು ಸಂಪರ್ಕ ಅಲ್ಲ ಕಣೇ, ಭಿಕ್ಷೆ" ಎಂದರು.

ಅವರಿಗೆ ಆ ಫೋನು ಬಿಟ್ಟರೆ ಬೇರೆ ಮನೆಮಂದಿ ಇರಲಿಲ್ಲ ಎಂಬುದು ನನಗೆ ಹೊಳೆಯಲು ತುಂಬ ದಿನ ಹಿಡಿಯಿತು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ವಾಸ ಆಫೀಸಿನ ಮೇಲಿನ ಮನೆಯಲ್ಲೇ. ಹಬ್ಬದ ದಿನವೂ ಕೆಳಗಿಳಿದು ಬಂದು ಬಾಗಿಲು ತೆಗೆಯುತ್ತಿದ್ದರು.

ನಮಗೆ ಅನ್ನ ಹಾಕುತ್ತಿದ್ದ ದೊಡ್ಡ ಗ್ರಾಹಕರು ಯಲಹಂಕದ ಒಂದು ಕಲ್ಯಾಣ ಮಂಟಪದ ಯಜಮಾನರು. ಅಪ್ಪನ ಕಾಲಕ್ಕೆ ರಾಗಿ, ದ್ರಾಕ್ಷಿ ಬೆಳೆಯುತ್ತಿದ್ದ ಜಮೀನಿನಲ್ಲಿ ಅವರು ಛತ್ರ ಕಟ್ಟಿದ್ದರು. ಶಾಲೆ ಅವರ ಭಾವಮೈದುನನದು, ನರ್ಸಿಂಗ್ ಹೋಮ್ ಬೀಗರದು. ಎಲ್ಲರೂ ಅವರ ಬೆನ್ನಿಗೇ ನಮ್ಮಲ್ಲಿಗೆ ಬಂದವರು. ಆ ಛತ್ರದಲ್ಲಿ ಒಂದು ಆರತಕ್ಷತೆಯ ಊಟದ ಬಾಸುಂದಿ ಕೆಟ್ಟಿತ್ತು. ಉಂಡವರು ಸಾಲುಗಟ್ಟಿ ಆಸ್ಪತ್ರೆ ಸೇರಿದರು. ಪುಣ್ಯಕ್ಕೆ ಎಲ್ಲರೂ ಚೇತರಿಸಿಕೊಂಡರು. ಅಡುಗೆ ಛತ್ರದವರದೇ. ಆದರೆ ಗಂಡಿನ ಕಡೆಯವರು ಹಿಡಿದದ್ದು ಹೆಣ್ಣಿನ ತಂದೆಯನ್ನು. ದುಡ್ಡು ಉಳಿಸಲು ಕಳಪೆ ಊಟ ಹಾಕಿಸಿದ ಎಂದು ಆಡಿಕೊಂಡರು. ಹೊಸ ಮದುಮಗಳಿಗೆ ಗಂಡನ ಮನೆಯಲ್ಲಿ ದಿನಾ ಆ ಮಾತೇ ಊಟ, ಆ ಮಾತೇ ತಿಂಡಿ.

ಮೇಡಂ ಮೊದಲು ಹೋದದ್ದು ಪತ್ರಿಕೆಗಲ್ಲ, ಯಲಹಂಕಕ್ಕೆ ಹತ್ತಿರದ ಸಿಂಗಾಪುರ ಬಡಾವಣೆಯಲ್ಲಿದ್ದ ಆ ತಂದೆಯ ಮನೆಗೆ. ಜೊತೆಗೆ ನಾನೂ ಇದ್ದೆ. ಅವರಿಗೆ ಪರಿಹಾರ ಬೇಡವಾಗಿತ್ತು. ಛತ್ರದವರು ಬಂದು ಬೀಗರ ಎದುರು ಕೂತು, ತಪ್ಪು ನಮ್ಮ ಅಡುಗೆಮನೆಯದು ಎಂದು ಒಂದು ಮಾತು ಹೇಳಬೇಕು, ಅಷ್ಟೇ. "ಪೇಪರ್, ಟಿ.ವಿ. ಏನೂ ಬೇಡ ಮೇಡಂ. ನನ್ ಮಗಳ ಮುಖ ಅದ್ರಲ್ಲಿ ಬರ್ಬಾರ್ದು" ಎಂದರು. ಬರುವುದಿಲ್ಲ, ಯಜಮಾನರೊಬ್ಬರೇ ಬರುತ್ತಾರೆ ಎಂದು ಮೇಡಂ ಮಾತು ಕೊಟ್ಟರು. ಯಜಮಾನರೂ ಆಯ್ತು ಎಂದು ತಲೆಯಾಡಿಸಿದ್ದರು.

ಗೊತ್ತು ಮಾಡಿದ್ದ ಭಾನುವಾರ ಗಂಡಿನ ಕಡೆಯವರು ಆ ಮನೆಗೆ ಬಂದು ಬಿಗುಮಾನದಿಂದ ಕೂತಿದ್ದರು. ಹೊರಗೆ ಎರಡು ಕಾರು ನಿಂತವು. ಯಜಮಾನರ ಹಿಂದೆ ಅವರ ಕಡೆಯ ಏಳೆಂಟು ಜನ, ಹಣ್ಣಿನ ಬುಟ್ಟಿ, ಶಾಲು, ಪೇಟ, ಹಾರ. ಅವರ ಹಿಂದೆ ಕ್ಯಾಮೆರಾ, ಅದಕ್ಕೊಂದು ದೀಪ. ಒಳಗೆ ಬಂದವರೇ ವರನ ತಂದೆಗೆ ಶಾಲು ಹೊದಿಸಿ, ತಲೆಗೆ ಪೇಟ ಇಟ್ಟು, ಕ್ಯಾಮೆರಾದ ಕಡೆ ತಿರುಗಿ ಕೈಮುಗಿದು ನಿಂತರು. ಕ್ಷಮೆ ಕೇಳಲು ಬಂದವರು ಸನ್ಮಾನ ಮಾಡಿಬಿಟ್ಟರು. ಹಿಂದಿದ್ದವರಲ್ಲಿ ಒಬ್ಬ ಚಪ್ಪಾಳೆಯನ್ನೂ ತಟ್ಟಿದ. ಇಂದು ಹೇಳಿದರೆ ಜನ ನಗುತ್ತಾರೆ, ನನಗೂ ನಗು ಬರುತ್ತದೆ. ಆದರೆ ಬಾಗಿಲ ಸಂದಿಯಲ್ಲಿ ನಿಂತಿದ್ದ ಆ ಹುಡುಗಿ ಸೆರಗಿನಿಂದ ಮುಖ ಮುಚ್ಚಿಕೊಂಡದ್ದು ನೆನಪಾದರೆ ನಗು ಅಲ್ಲೇ ನಿಲ್ಲುತ್ತದೆ.

ವರನ ತಂದೆ ಪೇಟ ತೆಗೆದು ಕುರ್ಚಿಯ ಮೇಲಿಟ್ಟರು. "ಫೋಟೋ ಹಿಡ್ಸೋಕೆ ಕರೆಸಿದ್ರಾ ನಮ್ಮನ್ನ?" ಎಂದು ಹೆಣ್ಣಿನ ತಂದೆಯನ್ನು ಕೇಳಿ, ಮನೆಯವರನ್ನೆಲ್ಲ ಎಬ್ಬಿಸಿಕೊಂಡು ಹೊರಟರು. ಹುಡುಗಿಯ ತಂದೆ ಯಜಮಾನರನ್ನು ಬಿಟ್ಟು ಮೇಡಂ ಕಡೆ ತಿರುಗಿ, "ನಿಮ್ಮನ್ನ ನಂಬಿದ್ನಲ್ಲ ಮೇಡಂ" ಎಂದರು. ಮೇಡಂ ಅವರಿಗೆ ಕೈಮುಗಿದು ಹೊರಗೆ ನಡೆದರು.

ಯಜಮಾನರು ಕೆಟ್ಟವರೇನಲ್ಲ. ರಸ್ತೆಯಲ್ಲಿ ಅವರು ಪಾಪದ ಮುಖ ಮಾಡಿ ಕೇಳಿದ್ದು ಕಿವಿಯಲ್ಲಿದೆ: "ದೊಡ್ಡೋರ ಮನೆಗೆ ಬರೀ ಕೈಲಿ ಎಂಗೆ ಓಗೋದು ಮೇಡಂ? ನಮ್ಮಾಗೆ ಶಾಲು ಒದಿಸಾದೇ ಮರ್ವಾದೆ." ಅವರು ಕಲಿತ ಮರ್ಯಾದೆ ಅದೊಂದೇ. ಆದರೆ ಸಂಜೆ ಆಫೀಸಿಗೆ ಬಂದು ಕೇಳಿದ್ದು ಬೇರೆ. ಪೇಟದ ಫೋಟೋ ಹಾಕಿ, ಎರಡೂ ಮನೆಯವರು ಕ್ಷಮೆ ಒಪ್ಪಿದರು ಎಂದು ಪ್ರಕಟಣೆ ಬರೆಯಬೇಕಂತೆ. ಮೇಡಂ ಬರೆಯುವುದಿಲ್ಲ ಎಂದರು. ನೀವಲ್ಲದಿದ್ದರೆ ಇನ್ನೊಬ್ಬರು ಎಂದು ಯಜಮಾನರು ಎದ್ದು ಹೋದರು.

ಆಮೇಲೆ ಮೇಡಂ ಫೋನ್ ಕೈಗೆತ್ತಿಕೊಂಡರು. ಪತ್ರಿಕೆಯವರು, ಕೇಬಲ್ ಚಾನೆಲ್ಲಿನವರು, ಒಬ್ಬರನ್ನೂ ಬಿಡಲಿಲ್ಲ. ಅಷ್ಟು ವರ್ಷ ಸುದ್ದಿ ಹಾಕಿ ಎಂದು ಕೇಳುತ್ತಿದ್ದವರು ಅವತ್ತು ಹಾಕಬೇಡಿ ಎಂದು ಬೇಡಿಕೊಂಡರು. ಒಂದು ಹುಡುಗಿಯ ಬಾಳು ಇದೆ ಎಂದಷ್ಟೇ ಹೇಳಿದರು. ಬರೀ ಯೋಗಕ್ಷೇಮ ಕೇಳಲು ಮಾಡಿದ ಅಷ್ಟೂ ಕರೆಗಳು ಅವತ್ತು ಕೈಹಿಡಿದವು. ಎಲ್ಲೂ ಆ ಫೋಟೋ ಬರಲಿಲ್ಲ.

ಯಜಮಾನರು ನಮ್ಮ ಕೈಬಿಟ್ಟರು. ಅವರ ಹಿಂದೆ ಶಾಲೆ, ನರ್ಸಿಂಗ್ ಹೋಮ್, ಲೇಔಟ್, ಎಲ್ಲ ಹೋದವು. ಕೆಲವೇ ತಿಂಗಳಲ್ಲಿ ಮೇಡಂ ಕೆಳಗಿನ ಆಫೀಸು ಖಾಲಿ ಮಾಡಿ, ಮೇಲಿನ ಮನೆಯಷ್ಟನ್ನೇ ಉಳಿಸಿಕೊಂಡರು. ನನಗೆ ಅವರೇ ಹೇಳಿ ಬೇರೆ ಕಡೆ ಕೆಲಸ ಕೊಡಿಸಿದರು. ಬಿಡುವಾದಾಗ ಹೋಗುತ್ತಿದ್ದೆ. ಕಾಫಿ ಕುಡಿಯುವಾಗಲೂ ಫೋನು ಕೈಗೆಟುಕುವಲ್ಲಿ ಇಟ್ಟುಕೊಂಡಿರುತ್ತಿದ್ದರು. ನಾನಿದ್ದಷ್ಟು ಹೊತ್ತೂ ಅದು ಒಮ್ಮೆಯೂ ಸದ್ದು ಮಾಡುತ್ತಿರಲಿಲ್ಲ. ವರದಿಗಾರರಿಗೆ ತಾವಾಗಿ ಮಾಡುವುದನ್ನೂ ನಿಲ್ಲಿಸಿದ್ದರು. ಈಗ ಮಾಡಿದರೆ ಏನೋ ಬೇಕಾಗಿದೆ ಅಂದುಕೊಳ್ಳುತ್ತಾರೆ ಎನ್ನುತ್ತಿದ್ದರು. ಆ ಮನೆಯ ಮೌನ ನನಗೇ ತಡೆಯಲಾಗುತ್ತಿರಲಿಲ್ಲ, ಅವರು ಹೇಗೆ ತಡೆದರೋ...

ಹೋದಾಗಲೆಲ್ಲ ಒಂದೇ ಪ್ರಶ್ನೆ. "ಸಿಂಗಾಪುರದ ಕಡೆ ಏನಾದ್ರೂ ಹೋಗಿದ್ಯಾ?" ಇಲ್ಲ ಎಂದರೆ ಮಾತು ಬದಲಿಸುತ್ತಿದ್ದರು. ಕ್ಯಾಮೆರಾ ಕರೆಸಿದ್ದು ನೀವಲ್ಲ, ಫೋಟೋ ತಡೆದದ್ದು ನೀವು ಎಂದು ನಾನೇ ಹೋಗಿ ಹೇಳಲೇ ಎಂದು ಒಮ್ಮೆ ಕೇಳಿದೆ.

"ಬೇಡ ಕಣೇ. ನಾನು ಒಳ್ಳೆಯವಳು ಅಂತ ಹೇಳೋಕೆ ಆಳು ಕಳ್ಸಿದ್ರೆ ಅದೂ ಪ್ರಚಾರಾನೇ. ಅವ್ರಿಗೆ ಅನ್ನಿಸಿದ್ರೆ ಬರ್ತಾರೆ."

ಅವರಿಗೆ ಅನ್ನಿಸಲಿಲ್ಲ ಎಂದುಕೊಂಡೇ ಮೇಡಂ ಹೋದರು. ಕಳೆದ ವರ್ಷ ತೀರಿಕೊಂಡಾಗ ತಮ್ಮನ ಮಗ ಹಾಸನದಿಂದ ಬಂದು ಕಾರ್ಯ ಮುಗಿಸಿದ. ಅವರಿಂದ ಮಾನ ಉಳಿಸಿಕೊಂಡ ಒಬ್ಬರೂ ಅತ್ತ ಸುಳಿಯಲಿಲ್ಲ. ನಾನು ಒಂದು ಮೂಲೆಯಲ್ಲಿ ಕೂತು, ಪರಿಚಯವಿಲ್ಲದ ನಾಲ್ಕು ಜನರ ನಡುವೆ ಅತ್ತೆ.

ಮೊನ್ನೆ ಹೆಬ್ಬಾಳದಲ್ಲಿ ಮಾತು ಮುಗಿಸಿದ ಮೇಲೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಬೇಡ ಎನ್ನಲು ಅವರಿಲ್ಲ ಎಂಬ ಹಟವೋ ಏನೋ, ಆಟೋದವನಿಗೆ ಸಿಂಗಾಪುರ ಎಂದೆ. ಹುಡುಗಿಯ ತಂದೆ ಗೇಟಿನ ಬಳಿ ಗಿಡಕ್ಕೆ ನೀರು ಹಾಕುತ್ತಿದ್ದರು. ಗುರುತು ಹೇಳಿದೆ, ಒಳಗೆ ಕರೆದರು. ಮಗಳು ಚೆನ್ನಾಗಿದ್ದಾಳಂತೆ, ಬೀಗರು ಮೊಮ್ಮಗು ಹುಟ್ಟಿದ ಮೇಲೆ ಎಲ್ಲ ಮರೆತರಂತೆ. ನಾನು ಮೇಡಂ ಹೋದ ಸುದ್ದಿ ಹೇಳಿ, ಅವತ್ತಿನ ಫೋಟೋದ ಮಾತು ತೆಗೆದೆ.

"ಗೊತ್ತಮ್ಮ" ಎಂದರು. "ಮಾರನೇ ದಿನ ಇರೋ ಬರೋ ಪೇಪರ್ ಎಲ್ಲಾ ತಂದು ನೋಡ್ದೆ. ಎಲ್ಲೂ ಇರ್ಲಿಲ್ಲ. ಆ ಛತ್ರದವರು ಸುಮ್ನೆ ಬಿಡ್ತಾರಾ? ಮೇಡಮ್ಮೇ ತಡೆದಿದ್ದಾರೆ ಅಂತ ಆಗ್ಲೇ ಅಂದ್ಕೊಂಡೆ. ಆಡಬಾರದ ಮಾತು ಆಡ್ಬಿಟ್ಟೆ ಅಂತ ಹೇಳೋಣ ಅಂತ, ಮಗಳ ಸಂಸಾರ ಒಂದು ದಾರಿಗೆ ಬಂದ್ಮೇಲೆ ಆರ್.ಟಿ. ನಗರಕ್ಕೆ ಹೋದೆ. ಆಫೀಸ್ ಇದ್ದ ಕಡೆ ಮೊಬೈಲ್ ಅಂಗಡಿ ಆಗಿತ್ತು. ಆಫೀಸಿನವ್ರು ಖಾಲಿ ಮಾಡ್ಕೊಂಡು ಹೋದ್ರು ಅಂದ ಅಂಗಡಿ ಹುಡುಗ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಬಂದ್ಬಿಟ್ಟೆ. ಎಲ್ಲಿಗೆ ಹೋಗಿದ್ರಮ್ಮ ಅವ್ರು?"

ದೂರದ ಊರಿಗೆ ಎಂದು ಸುಳ್ಳು ಹೇಳಿದೆ. ನೀವು ನಿಂತಿದ್ದಾಗ ಅವರು ನಿಮ್ಮ ತಲೆಯ ಮೇಲಿನ ಮನೆಯಲ್ಲೇ ಇದ್ದರು ಎಂದು ಆ ಮುದುಕರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.