ಪಾಸಾದ ಜೀಪಿನ ಹೊಗೆ

ಹುಣಸೂರಿನಲ್ಲಿ ಎಮಿಷನ್ ಟೆಸ್ಟ್ ಅಂಗಡಿ ಇಟ್ಟುಕೊಂಡವಳು ನಾನು. ಗಾಡಿಯವರ ಆಟಗಳೆಲ್ಲ ನನಗೆ ಬಾಯಿಪಾಠ. ಹೊಗೆ ಅಳೆಯುವ ಕೊಳವೆಯನ್ನು ಸೈಲೆನ್ಸರಿನೊಳಗೆ ಪೂರ್ತಿ ತೂರಿಸದೆ ತುದಿಯಲ್ಲೇ ಸಿಕ್ಕಿಸುತ್ತಾರೆ. ಹೊರಗಿನ ಗಾಳಿ ಬೆರೆತು ಹೊಗೆ ತೆಳ್ಳಗಾಗುತ್ತದೆ, ಯಂತ್ರ ಕಡಿಮೆ ತೋರಿಸುತ್ತದೆ. ಮಜ್ಜಿಗೆಗೆ ಚೊಂಬುಗಟ್ಟಲೆ ನೀರು ಸುರಿದು ಹುಳಿಯೇ ಇಲ್ಲ ಅಂದ ಹಾಗೆ. ಅಂಥವರ ಮೇಲೆ ರೇಗಿಬೀಳುತ್ತೇನೆ. ನನ್ನ ಬಾಯಿ ಜೋರು ಅಂತ ಊರಿಗೇ ಗೊತ್ತು.

ಆ ಬೆಳಿಗ್ಗೆ ಜಡಿಮಳೆ. ನನ್ನ ಮೈದುನ ತನ್ನ ಹಳೇ ಡೀಸೆಲ್ ಜೀಪನ್ನು ತಂದು ಅಂಗಡಿ ಮುಂದೆ ನಿಲ್ಲಿಸಿದ. ಹಿಂದೆ, ಟಾರ್ಪಾಲು ಇಳಿಬಿಟ್ಟ ಕತ್ತಲಲ್ಲಿ, ವೀರನಹೊಸಹಳ್ಳಿ ಕಡೆಯ ಕಾಡಂಚಿನ ಹಾಡಿಯಿಂದ ಕಂಪಲಾಪುರಕ್ಕೆ ಹೊಗೆಸೊಪ್ಪು ಮುರಿಯಲು ಹೊರಟ ಹೆಂಗಸರು ಒತ್ತಿಕೊಂಡು ಕೂತಿದ್ದರು.

"ಬೇಗ ಮಾಡ್ಕೊಡಿ ಅತ್ತಿಗೆ. ಮುಂದೆ ಪೊಲೀಸ್ರು ಗಾಡಿ ನಿಲ್ಲಿಸ್ತಾವ್ರೆ."

ಕೊಳವೆ ತೂರಿಸಿ, ಆಕ್ಸಿಲರೇಟರ್ ಒತ್ತಿಸಿ ನೋಡಿದೆ. ಹೋದ ಸಲ ಕಾಡಿಗೆಯಂಥ ಹೊಗೆ ಕಕ್ಕಿ ಫೇಲಾಗಿದ್ದ ಗಾಡಿ ಈಗ ಹೊಸ ಗಾಡಿಗಿಂತ ಚೊಕ್ಕ! ಕೊಳವೆ ಸರಿಯಾಗಿ ಒಳಗೇ ಇತ್ತು. ಮತ್ತೆ ಮಾಡಿದೆ. ಅದೇ ಅಂಕಿ.

"ಇಂಜಿನ್ ಕೆಲಸ ಮಾಡಿಸಿದ್ಯಾ?"

"ಇಲ್ಲ ಕಣತ್ತಿಗೆ. ಪಾಸಾಯ್ತಲ್ಲ, ಕೊಡಿ ಅತ್ಲಾಗೆ."

"ಎಂಗೋ ಪಾಸಾಯ್ತು? ಆ ಪಾಟಿ ಹೊಗೆ ಎಲ್ಲೋಯ್ತು?"

ಅವನಿಗೆ ಸಿಟ್ಟು ಬಂತು. "ನಿಮ್ ಮಿಷಿನ್ನೇ ಪಾಸು ಅಂತದೆ, ನಿಮ್ದೇನು ತಕರಾರು? ನಮ್ಮೋರು ಅಂತ ಬಂದ್ರೆ ಇಂಗಾ?"

"ವತ್ತಾಯ್ತದೆ, ಬುಡ್ರವ್ವಾ," ಅಂತ ಒಳಗಿನಿಂದ ಹೆಂಗಸರೂ ಕೆಮ್ಮುತ್ತ ಗೊಣಗಿದರು.

ನನಗೂ ಪಿತ್ತ ನೆತ್ತಿಗೇರಿತು. ಒದ್ದೆ ಗೋಣಿತಾಟನ್ನು ಸೈಲೆನ್ಸರಿನ ಬಾಯಿಗೆ ಒತ್ತಿ ಹಿಡಿದೆ. ಉಸಿರುಕಟ್ಟಿ ಇಂಜಿನ್ ತಡವರಿಸಬೇಕಿತ್ತು. ಅದು ಆರಾಮಾಗಿ ಓಡುತ್ತಲೇ ಇತ್ತು. ಬಗ್ಗಿ ನೋಡಿದರೆ, ಹಿಂದಿನ ಸೀಟಿನ ಕೆಳಗೆ ಸೈಲೆನ್ಸರ್ ಪೈಪು ಬಿರಿದಿತ್ತು. ಬಿರುಕಿನಲ್ಲಿ ಗಾಳಿ ಸೇರಿಕೊಂಡು ತುದಿಗೆ ಬರುತ್ತಿದ್ದದ್ದು ತೆಳು ಹೊಗೆ ಮಾತ್ರ. ಮಿಕ್ಕಿದ್ದೆಲ್ಲ ಅದೇ ಬಿರುಕಿನಿಂದ ಹೊರಬಿದ್ದು, ತುಕ್ಕು ತಿಂದ ತಗಡಿನ ತೂತುಗಳಲ್ಲಿ ಮೇಲಕ್ಕೆ, ಟಾರ್ಪಾಲಿನೊಳಕ್ಕೆ ಹೋಗುತ್ತಿತ್ತು.

"ಆಫ್ ಮಾಡೋ! ಇಳೀರಿ ಎಲ್ರೂ, ಮೊದ್ಲು ಇಳೀರಿ!"

ಹೆಂಗಸರು ಬೈದುಕೊಳ್ಳುತ್ತ ಮಳೆಗೆ ಇಳಿದರು. ಒಬ್ಬಳು ತಲೆ ಹಿಡಿದುಕೊಂಡು ಗೋಡೆಗೊರಗಿದಳು. ಕೊನೆಗೆ ಉಳಿದವಳ ಮಡಿಲಲ್ಲಿ ಕೈಗೂಸು.

"ಎಚ್ಚರ ಮಾಡ್ಬ್ಯಾಡಿ ಕಣಕ್ಕಾ," ಎಂದಳು ನಗುತ್ತ. "ಜೀಪ್ನಾಗೆ ಕುಂತ್ರೆ ಸಾಕು, ತಣ್ಣಗೆ ಮನಿಕತದೆ."

ನಾನು ಒಳಗೆ ನುಗ್ಗಿದೆ. ಕೂಸನ್ನು ಕಿತ್ತುಕೊಂಡೆ. ಕತ್ತು ಜೋಲಿತು. ಕೆನ್ನೆ ತಟ್ಟಿದೆ, ಅಲುಗಲಿಲ್ಲ. ತಾಯಿಯ ಮುಖದಲ್ಲಿ ನಗು ಹಾಗೇ ಉಳಿದಿತ್ತು, ಅವಳಿಗಿನ್ನೂ ಅರ್ಥವಾಗಿರಲಿಲ್ಲ. ಮೈದುನ ಬಿಳಿಚಿಕೊಂಡು ನಿಂತುಬಿಟ್ಟಿದ್ದ. ಹೊರಗೆ ಗಾಳಿಗೆ ಹಿಡಿದು ಬೆನ್ನು ತಿಕ್ಕಿದೆ, ತಿಕ್ಕಿದೆ. "ಅಳೋ ನಮ್ಮಪ್ಪಾ, ಅಳೋ!" ಅಯ್ಯೋ, ಆ ಹೊತ್ತು ಮುಗಿಯುವಂತೆಯೇ ಇರಲಿಲ್ಲ. ಕೊನೆಗೆ ಮುಖ ಕಿವುಚಿತು. ಸಣ್ಣಗೆ ಮುಲುಗಿ, ಆಮೇಲೆ ಬೀದಿಗೇ ಕೇಳುವಂತೆ ಕಿರುಚಿತು. ನಾನೂ ಅತ್ತುಬಿಟ್ಟೆ.

ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಆಕ್ಸಿಜನ್ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಇನ್ನೇನೂ ಭಯವಿಲ್ಲ ಎಂದರು.

"ಮಳೆ ಇಡ್ಕೊಂಡು ಟಾರ್ಪಾಲ್ ಇಳಿಬುಟ್ಟಾಗಿಂದ ಇಂಗೇ ಮನಿಕತಿತ್ತು ಕಣಕ್ಕಾ," ಎಂದಳು ಆ ತಾಯಿ. "ಒಳ್ಳೆ ಕೂಸು, ಅಟಾನೇ ಮಾಡಕಿಲ್ಲ ಅಂತ ಎಲ್ರೂ ಒಗಳೋರು."

"ಸುಸ್ತಾಗಿದೆ, ಮಲಗಲಿ ಬಿಡಮ್ಮ," ಎಂದು ನರ್ಸ್ ಹೇಳಿ ಹೋದಳು. ತಾಯಿ ಹೂಂ ಎಂದು ತಲೆಯಾಡಿಸಿದಳು. ಆದರೆ ಕೂಸಿನ ಕಣ್ಣು ಮುಚ್ಚಿದಾಗಲೆಲ್ಲ ಅಂಗಾಲಿಗೆ ಕಚಗುಳಿಯಿಟ್ಟು ಎಬ್ಬಿಸುತ್ತಲೇ ಇದ್ದಳು.