ಕಿರ್‌ಗೂ ಟಪ್‌ಗೂ ನಡುವೆ

ನಾನು ಪಿ.ಟಿ. ಮೇಡಂ. ಹಳೇಬೀಡಿನ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮಕ್ಕಳನ್ನು ಬಿಸಿಲಲ್ಲಿ ಓಡಿಸುತ್ತಿದ್ದೇನೆ. ನನ್ನ ಗಂಟಲು ದೊಡ್ಡದು, ತಾಳ್ಮೆ ಚಿಕ್ಕದು, ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ಅದಕ್ಕಿಂತ ಚಿಕ್ಕದು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭವಾದೀತು ಎಂದುಕೊಂಡೆ. ಆಗುವ ಹಾಗೆ ಕಾಣುತ್ತಿಲ್ಲ.

ಓಟ ಬಿಡುವುದಕ್ಕೆ ನಮ್ಮ ಶಾಲೆಯಲ್ಲಿ ಪಿಸ್ತೂಲು ಇಲ್ಲ, ಕ್ಲಾಪರ್ ಇದೆ. ಮೊಳದುದ್ದದ ಎರಡು ಹಲಸಿನ ಹಲಗೆ, ಒಂದು ತುದಿಯಲ್ಲಿ ಎರಡನ್ನೂ ಸೇರಿಸುವ ಕಬ್ಬಿಣದ ಕೀಲು. ಬೇಲೂರಿನ ಬಡಗಿಯೊಬ್ಬರು ಯಾವುದೋ ಹಳೇ ಕಿಟಕಿಯ ಕೀಲು ಕಿತ್ತು ಹಾಕಿ ಮಾಡಿಕೊಟ್ಟದ್ದು. ಅದನ್ನು ತಲೆಯ ಮೇಲೆ ಅಗಲಿಸಿ ಹಿಡಿದು, 'ಸೆಟ್' ಅಂದು, ಪಟ್ಟನೆ ಕೂಡಿಸಿದರೆ 'ಟಪ್' ಅನ್ನುತ್ತದೆ. ಹುಡುಗರು ಓಡುತ್ತಾರೆ. ಆ ತುದಿಯಲ್ಲಿ ಸ್ಟಾಪ್‌ವಾಚ್ ಹಿಡಿದವರು ಹಲಗೆ ಕೂಡುವುದನ್ನು ಕಣ್ಣಲ್ಲಿ ನೋಡಿ ವಾಚು ಒತ್ತುತ್ತಾರೆ.

ಮೂರು ವರ್ಷದ ಹಿಂದೆ ನನ್ನ ಹತ್ತಿರ ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ಇದ್ದಳು. ಅಪ್ಪ ತೋಟಗಳಲ್ಲಿ ಕಾಯಿ ಸುಲಿಯುವವನು. ನೂರು ಮೀಟರಿನಲ್ಲಿ ಅವಳಿಗೆ ಸಮ ಯಾರೂ ಇರಲಿಲ್ಲ, ಅದರಲ್ಲೂ ಓಟ ಬಿಟ್ಟ ಮೊದಲ ಹೆಜ್ಜೆಯಲ್ಲಿ. ಉಳಿದವರು ಇನ್ನೂ ನೆಲದಿಂದ ಕೈ ಎತ್ತುತ್ತಿರುವಾಗ ಇವಳು ಎರಡು ಹೆಜ್ಜೆ ಮುಂದೆ. ನಾನು ಹೆಮ್ಮೆಯಿಂದ ಬೀಗುತ್ತಿದ್ದೆ, 'ಹುಟ್ಟಿನಿಂದ ಬಂದ ಕಿವಿ' ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರ ತಲೆ ತಿನ್ನುತ್ತಿದ್ದೆ.

ಅವಳಪ್ಪ ಒಂದು ದಿನ ಶಾಲೆಗೆ ಬಂದು, ಟವೆಲು ಕಂಕುಳಲ್ಲಿ ಇಟ್ಟುಕೊಂಡು ನಿಂತೇ ಮಾತಾಡಿದ. "ಅದ್ಯಾವ್ದೋ ಓಟದೋರ ಹಾಸ್ಟೆಲ್ ಐತಂತಲ್ಲ ಮೇಡಂ, ಸಿಕ್ಕುದ್ರೆ ಓದ್ಲಿ. ಸಿಗ್ನಿಲ್ಲ ಅಂದ್ರೆ ಕಣಕಟ್ಟೇಲಿ ಅವ್ರಜ್ಜಿ ಜೊತೆ ಕೊಬ್ರಿ ಕೆಲ್ಸಕ್ಕೆ ಹೋಯ್ತಾಳೆ. ನನ್ ಕೈಲಿ ಇನ್ನ ಆಗಾಕಿಲ್ಲ." ಹಾಸ್ಟೆಲಿನ ಸೀಟು ಸಿಗಬೇಕಾದರೆ ಜಿಲ್ಲೆಯ ಓಟದಲ್ಲಿ ಅವಳು ಮೊದಲು ಬರಬೇಕಿತ್ತು. ನಾನು ಎದೆ ತಟ್ಟಿಕೊಂಡು, "ಸೀಟು ಸಿಕ್ಕಿತು ಅಂತಲೇ ತಿಳ್ಕೊಳ್ಳಪ್ಪ" ಅಂದೆ. ಆ ಮಾತು ಆಡಿದ ಬಾಯಿಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ ಈಗ.

ಬೇಲೂರಿನಲ್ಲಿ ತಾಲೂಕು ಕ್ರೀಡಾಕೂಟ. ಓಟ ಬಿಡಲು ಬರಬೇಕಿದ್ದ ಮೇಷ್ಟರಿಗೆ ಜ್ವರ. "ನೀವೇ ಬಿಡಿ ಮೇಡಂ, ನಿಮ್ಮ ಕ್ಲಾಪರ್ ಇದೆಯಲ್ಲ" ಅಂದರು. ಬಿಟ್ಟೆ. ನನ್ನ ಹುಡುಗಿ ಮೊದಲು, ಗೆಂಡೆಹಳ್ಳಿ ಕಡೆಯ ಒಂದು ಹುಡುಗಿ ಎರಡನೆಯವಳು, ನಡುವೆ ಒಂದು ಗೇಣು. ಆ ವರ್ಷ ತಾಲೂಕಿನಿಂದ ಮೊದಲು ಬಂದವರಿಗೆ ಮಾತ್ರ ಜಿಲ್ಲೆಗೆ ಅವಕಾಶ. ಗೆಂಡೆಹಳ್ಳಿಯ ಪಿ.ಟಿ. ಮೇಷ್ಟರು ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು: "ಮೇಡಂ, ಬೇಜಾರು ಮಾಡ್ಕೋಬೇಡಿ. ನಿಮ್ಮ ಹುಡುಗಿ ಸದ್ದಿಗಿಂತ ಮುಂಚೆ ಎದ್ದಳು ಅನ್ಸುತ್ತೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಮುಂಚೆ ಎದ್ದಿದ್ದರೆ ನಾನು ವಾಪಸ್ ಕರೀತಿರಲಿಲ್ವಾ? ನನ್ನ ಕಣ್ಣು ಇನ್ನೂ ಹೋಗಿಲ್ಲ ಕಣ್ರೀ" ಅಂದೆ. ಅವರು ಸುಮ್ಮನಾದರು. ಒಳ್ಳೆಯವರು ಸುಮ್ಮನಾಗುತ್ತಾರೆ, ನನ್ನಂಥವರು ಅದನ್ನೇ ಗೆಲುವು ಅಂದುಕೊಳ್ಳುತ್ತೇವೆ.

ಮಾರನೇ ದಿನ ಮೈದಾನದಲ್ಲಿ ಹುಡುಗಿಯನ್ನು ಕೂರಿಸಿಕೊಂಡು, ಗೆಂಡೆಹಳ್ಳಿ ಮೇಷ್ಟರ ಮಾತು ನೆನೆದು ನಗುತ್ತಲೇ ಕೇಳಿದೆ. "ಅಲ್ಲ ಕಣೇ, ನೀನು ಅಷ್ಟು ಬೇಗ ಹೆಂಗೆ ಏಳ್ತೀಯ?"

"ಅದು ಕಿರ್ ಅಂತೈತಲ್ಲ ಮೇಡಂ, ಅವಾಗ."

"ಯಾವುದು ಕಿರ್ ಅನ್ನೋದು?"

ಅವಳು ಕ್ಲಾಪರ್ ತೆಗೆದುಕೊಂಡು ಹಲಗೆಗಳನ್ನು ಮೆಲ್ಲಗೆ ಕೂಡಿಸಿದಳು. ಕೀಲು ಕಿರ್ ಅಂದಿತು. ಇಷ್ಟು ವರ್ಷ ತಲೆಯ ಮೇಲೆ ಎತ್ತಿ ಹಿಡಿದು, 'ಸೆಟ್' ಅಂತ ಕಿರುಚುತ್ತಿದ್ದ ನನಗೆ ಅದು ಒಂದು ದಿನವೂ ಕೇಳಿಸಿರಲಿಲ್ಲ. ಹಲಗೆ ಹೊರಟಾಗ ಕಿರ್, ಮುಟ್ಟಿದಾಗ ಟಪ್. ನಡುವೆ ರೆಪ್ಪೆ ಬಡಿಯುವಷ್ಟು ಹೊತ್ತು. ಕಿರ್‌ಗೆ ಹೊರಟ ಅವಳ ಕಾಲು ನೆಲ ಬಿಡುವ ಹೊತ್ತಿಗೆ ಸರಿಯಾಗಿ ಟಪ್ ಆಗುತ್ತಿತ್ತು. ಅದಕ್ಕೇ ಯಾರ ಕಣ್ಣಿಗೂ ಅದು ಫೌಲ್ ಆಗಿ ಕಾಣಲಿಲ್ಲ.

"ಮತ್ತೆ ಟಪ್ ಅನ್ನೋದು ಯಾತಕ್ಕೆ ಅಂದ್ಕೊಂಡಿದ್ದೆ?"

"ಅದು ವಾಚ್ ಹಿಡ್ದಿರೋರಿಗೆ ಅಲ್ವಾ ಮೇಡಂ?"

ಅವಳ ಮುಖದಲ್ಲಿ ಒಂದಿಷ್ಟೂ ಕಳ್ಳತನವಿರಲಿಲ್ಲ. ಎಲ್ಲರೂ ಕಿರ್‌ಗೇ ಓಡುತ್ತಾರೆ, ತಾನು ಸ್ವಲ್ಪ ಚುರುಕು, ಅಷ್ಟೇ ಅಂದುಕೊಂಡಿದ್ದಳು. ದೊಡ್ಡ ದೊಡ್ಡ ಪಂದ್ಯಗಳಲ್ಲಿ ಕಾಲಿಡುವ ಬ್ಲಾಕಿಗೇ ಯಂತ್ರ ಇರುತ್ತದೆ. ಸದ್ದಾಗಿ ಒಂದು ಸೆಕೆಂಡಿನ ಹತ್ತರಲ್ಲಿ ಒಂದು ಭಾಗ ಕಳೆಯುವ ಮುಂಚೆ ಕಾಲು ಒತ್ತಿದರೆ ಅದು ಫೌಲು. ಯಾವ ಮನುಷ್ಯನ ಕಿವಿಯಿಂದಲೂ ಕಾಲಿಗೆ ಅಷ್ಟು ಬೇಗ ಸುದ್ದಿ ಮುಟ್ಟುವುದಿಲ್ಲವಂತೆ. ಪ್ರತಿ ಲೇನಿನ ಹಿಂದೆ ಒಂದೊಂದು ಸ್ಪೀಕರ್ ಬೇರೆ, ಎಂಟನೇ ಲೇನಿನವರಿಗೂ ಒಂದೇ ಹೊತ್ತಿಗೆ ಕೇಳಲಿ ಅಂತ. ನಮ್ಮಲ್ಲಿ ಇದ್ದದ್ದು ನನ್ನ ಎರಡು ಕಣ್ಣು, ಕಿಟಕಿಯಿಂದ ಕಿತ್ತ ಒಂದು ಕೀಲು. ಅಷ್ಟರಿಂದಲೇ ಗೆಂಡೆಹಳ್ಳಿಯ ಹುಡುಗಿ ಆ ಒಂದು ಗೇಣಿನಲ್ಲಿ ಸೋತಿದ್ದಳು.

ಆ ಸಂಜೆ ಕೀಲಿಗೆ ಕೊಬ್ಬರಿ ಎಣ್ಣೆ ಬಿಟ್ಟೆ. ಸದ್ದು ನಿಂತಿತು. ಹುಡುಗಿಯ ಓಟವೂ ನಿಂತಿತು.

ಟಪ್ ಅಂದರೂ ಅವಳು ಕೂತೇ ಇರುತ್ತಿದ್ದಳು. ಉಳಿದವರು ಹೊರಟ ಮೇಲೆ ಗಾಬರಿಯಾಗಿ ಏಳುತ್ತಿದ್ದಳು. ಸೀಟಿ ಊದಿದೆ, ಊಟದ ತಟ್ಟೆ ಬಡಿದೆ, ಕೈ ಚಪ್ಪಾಳೆ ತಟ್ಟಿದೆ. ಅವಳ ಕಾಲು ಬರದೇ ಇರುವ ಕಿರ್‌ಗೆ ಕಾಯುತ್ತಿತ್ತು. ಜಿಲ್ಲೆಗೆ ಹನ್ನೆರಡು ದಿನ ಇತ್ತು, ಆಮೇಲೆ ಎಂಟು, ಆಮೇಲೆ ನಾಲ್ಕು. ನಾನು ಬಯ್ದೆ, ಮುದ್ದು ಮಾಡಿದೆ, ಮತ್ತೆ ಬಯ್ದೆ. ಅವಳು ಅಳುತ್ತ, "ಎಣ್ಣೆ ಹಾಕ್ಬಾರ್ದಿತ್ತು ಮೇಡಂ" ಅಂದಳು. ನನಗೂ ಹಾಗೇ ಅನ್ನಿಸುತ್ತಿತ್ತು. ಅದಕ್ಕೇ ನಾಚಿಕೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಹಳೇಬೀಡು ಬಸ್‌ಸ್ಟ್ಯಾಂಡಿನಲ್ಲಿ ಬೇಲೂರು ಬಸ್ಸಿಗೆ ನಿಂತೆ. ಅಲ್ಲಿನ ಶಿಕ್ಷಣ ಇಲಾಖೆಯ ಆಫೀಸಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ, ತಾಲೂಕಿನ ಓಟ ಮತ್ತೊಮ್ಮೆ ನಡೆಸಿ ಅನ್ನಬೇಕು ಅಂತ. ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ದೇವಸ್ಥಾನ ನೋಡಲು ಬಂದವರೆಲ್ಲ ಇಳಿದರು, ಕಂಡಕ್ಟರು "ಹತ್ತೀರೇನಮ್ಮ?" ಅಂತ ಎರಡು ಸಲ ಕೂಗಿದ. ಹೇಳಿದರೆ ನನ್ನ ಹುಡುಗಿ ಕೊಬ್ಬರಿ ಕೆಲಸಕ್ಕೆ, ನನ್ನ ಮಾನ ಹರಾಜಿಗೆ. ಟೀ ಕುಡಿದು ಶಾಲೆಗೆ ವಾಪಸ್ ಬಂದೆ.

ಜಿಲ್ಲಾ ಕೂಟ ಅರಸೀಕೆರೆಯಲ್ಲಿತ್ತು. ಜಾವಗಲ್ ದಾಟಿದ ಮೇಲೆ ಬಸ್ಸಿನಲ್ಲಿ ಅವಳ ಕಿವಿಯ ಹತ್ತಿರ ಬಾಗಿ ಹೇಳಿದೆ. ಈಗಲೂ ಆ ಮಾತು ಒಂದಕ್ಷರ ಬಿಡದೆ ನೆನಪಿದೆ. "ಸದ್ದಿಗೆ ಕಾಯಬೇಡ. ಸೆಟ್ ಅಂದ ಮೇಲೆ ಮನಸ್ಸಿನಲ್ಲೇ ಒಂದು, ಎರಡು ಅಂತ ಎಣಿಸಿ ಹೊರಟುಬಿಡು. ಓಟ ಬಿಡೋರೆಲ್ಲ ಅಷ್ಟೇ ಹೊತ್ತು ತಡೀತಾರೆ."

"ಅದು ಮೋಸ ಅಲ್ವಾ ಮೇಡಂ?"

"ಎಲ್ಲರೂ ಮಾಡ್ತಾರೆ ಕಣೇ."

ನಾನು ಓಡುತ್ತಿದ್ದ ಕಾಲದಲ್ಲಿ ಮೊದಲ ಫೌಲಿಗೆ ಕ್ಷಮೆ ಇತ್ತು. ಈಗ ಇಲ್ಲ. ಒಂದು ಸಲ ಮುಂಚೆ ಎದ್ದರೆ ಮುಗಿಯಿತು, ಹೊರಗೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ. ಬೇರೆ ಏನೂ ತೋಚಲಿಲ್ಲ ಅನ್ನುವುದೊಂದೇ ನನ್ನ ಹತ್ತಿರ ಇರುವ ಉತ್ತರ.

ಓಟ ಬಿಡುವವರು ವಯಸ್ಸಾದ ಒಬ್ಬ ಮೇಷ್ಟರು, ಕೈಯಲ್ಲಿ ಪಿಸ್ತೂಲು. ನನ್ನ ಹುಡುಗಿ ನಾಲ್ಕನೇ ಲೇನ್. "ಆನ್ ಯುವರ್ ಮಾರ್ಕ್ಸ್." ನಾನು ಹಗ್ಗದ ಈಚೆ ನಿಂತಿದ್ದೆ. "ಸೆಟ್." ಆಗಲೇ ಸ್ಟೇಷನ್ ಕಡೆಯಿಂದ ರೈಲು ಕೂಗಿತು. ಮೇಷ್ಟರು ಆ ಸದ್ದು ಮುಗಿಯಲಿ ಅಂತ ಕೈ ತಡೆದರು. ಒಂದು. ಎರಡು. ಹುಡುಗಿ ಒಬ್ಬಳೇ ಹೊರಟಳು. ವಾಪಸ್ ಕರೆಯಲು ಹಿಂದೆ ಎರಡು ಸಲ ಪಿಸ್ತೂಲು ಹಾರಿಸಿದರೂ ಅವಳು ಹತ್ತು ಹೆಜ್ಜೆ ಓಡಿದ ಮೇಲೇ ನಿಂತದ್ದು.

ಮೇಷ್ಟರು ಕೆಂಪು ಕಾರ್ಡು ಜೇಬಿನಿಂದ ತೆಗೆಯುವ ಮುಂಚೆ ಅವಳನ್ನು ಹತ್ತಿರ ಕರೆದರು. "ರೈಲಿನ ಸದ್ದಿಗೆ ಬೆಚ್ಚಿ ಎದ್ದೆಯೇನಮ್ಮ?" ಅಂತ ಕೇಳಿದರು. ಹೊರಗಿನ ಸದ್ದಿನಿಂದ ಆದ ತಪ್ಪಾದರೆ ಅದು ಓಡುವವರ ತಪ್ಪಲ್ಲ, ಎಲ್ಲರನ್ನೂ ಮತ್ತೆ ಕೂರಿಸಬಹುದು. ಅವರು ಬಾಗಿಲು ತೆರೆದು ನಿಂತಿದ್ದರು. ಹೌದು ಅಂದರೆ ಸಾಕಿತ್ತು. ಹೌದು ಅನ್ನೇ, ಹೌದು ಅನ್ನೇ ತಾಯಿ ಅಂತ ನಾನು ಹಗ್ಗ ಹಿಡಿದು ಒಳಗೊಳಗೇ ಬೇಡುತ್ತಿದ್ದೆ. ಇವಳು ಹೌದು ಅಂದರೆ ಮಾಲೇಕಲ್ಲು ಬೆಟ್ಟದ ಮೆಟ್ಟಿಲು ಮಂಡಿಯಲ್ಲಿ ಹತ್ತುತ್ತೇನೆ ವೆಂಕಟರಮಣ ಅಂತ ಹರಕೆ ಹೊತ್ತೆ. ಒಂದು ಮಗು ಸುಳ್ಳು ಹೇಳಲಿ ಅಂತ ದೇವರಿಗೆ ಹರಕೆ ಹೊತ್ತವಳು ನಾನು.

"ಇಲ್ಲ ಸಾರ್" ಅಂದಳು. "ನಾನೇ ಎಣಿಸ್ಕೊಂಡು ಓಡ್ದೆ."

"ಯಾರು ಹೇಳಿಕೊಟ್ಟರು?"

ಅವಳು ನನ್ನ ಕಡೆ ತಿರುಗಲಿಲ್ಲ. "ಯಾರೂ ಇಲ್ಲ ಸಾರ್."

ಓಟ ಮತ್ತೆ ಬಿಟ್ಟರು. ನಾಲ್ಕನೇ ಲೇನ್ ಖಾಲಿ. ಬೇಲೂರು ತಾಲೂಕಿನ ಲೇನ್ ಅದು. ಅಲ್ಲಿ ಓಡಬಹುದಾಗಿದ್ದವರು ಇಬ್ಬರು. ಒಬ್ಬಳು ನನ್ನ ಪಕ್ಕದಲ್ಲಿ ಕೂತು ಶೂ ಬಿಚ್ಚುತ್ತಿದ್ದಳು, ಇನ್ನೊಬ್ಬಳು ಗೆಂಡೆಹಳ್ಳಿಯ ಯಾವುದೋ ಮನೆಯಲ್ಲಿದ್ದಳು. ಇಬ್ಬರನ್ನೂ ನಾನೇ ಹೊರಗೆ ಹಾಕಿದ್ದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. ಅವಳ ಮೇಲೇ ಹರಿಹಾಯ್ದೆ. "ರೈಲು ಅಷ್ಟು ಜೋರಾಗಿ ಕೂಗಿತಲ್ಲೇ! ಹೌದು ಅಂದಿದ್ದರೆ ನಿನ್ನ ಗಂಟು ಏನು ಹೋಗ್ತಿತ್ತು?"

"ರೈಲು ಕೂಗಿದ್ದು ನಂಗೆ ಕೇಳಿಸ್ಲೇ ಇಲ್ಲ ಮೇಡಂ. ನೀವು ಹೇಳಿದ್ನೇ ಎಣಿಸ್ತಿದ್ದೆ."

ಹುಟ್ಟಿನಿಂದ ಬಂದ ಕಿವಿ ಅಂತ ನಾನೇ ಹೊಗಳಿದ್ದ ಕಿವಿ ಅದು. ಪರೀಕ್ಷೆ ಮುಗಿದ ವಾರ ಅವಳು ಕಣಕಟ್ಟೆಗೆ ಹೋದಳು. ಹೋಗುವಾಗ ಶಾಲೆಯ ಶೂ ತಂದು ಕೊಟ್ಟಳು, ತೊಳೆದು ಒಣಗಿಸಿ.

ಈ ವರ್ಷದ ತಾಲೂಕು ಕೂಟದಲ್ಲಿ ಮತ್ತೆ ಓಟ ಬಿಡುವ ಕೆಲಸ ನನ್ನ ಪಾಲಿಗೆ ಬಂತು. ಗೆಂಡೆಹಳ್ಳಿಯ ಮೇಷ್ಟರು ಪಕ್ಕದಲ್ಲಿ ಬಂದು ನಿಂತು, "ಒಂದ್ನಿಮಿಷ ಕೊಡಿ ಮೇಡಂ" ಅಂತ ಕ್ಲಾಪರ್ ಇಸ್ಕೊಂಡರು. ಹಲಗೆ ತೆರೆದರು, ಮುಚ್ಚಿದರು. ಕಿವಿಯ ಹತ್ತಿರ ಹಿಡಿದು ಮತ್ತೆ ತೆರೆದು ಮುಚ್ಚಿದರು. ಕೀಲಿನ ಮೇಲೆ ಬೆರಳಾಡಿಸಿ ಮೂಸಿ ನೋಡಿದರು. ಅವರಿಗೆ ಯಾರು ಹೇಳಿದರೋ, ಅಥವಾ ಅವರೇ ಮೂರು ವರ್ಷ ಕೂತು ಯೋಚಿಸಿದರೋ ಗೊತ್ತಿಲ್ಲ.

"ಎಣ್ಣೆ ಯಾವಾಗ ಹಾಕಿದ್ರಿ ಮೇಡಂ? ಆ ಓಟಕ್ಕೆ ಮುಂಚೆಯೋ, ಆಮೇಲೋ?"

ಮುಂಚೆ ಅನ್ನಬಹುದಿತ್ತು. ಮೊದಲಿನ ನಾನಾಗಿದ್ದರೆ ಗಂಟಲು ಎತ್ತರಿಸಿ ಅಂದೂಬಿಡುತ್ತಿದ್ದೆ. ಶೂ ಬಿಚ್ಚುತ್ತಿದ್ದ ಹುಡುಗಿ ಕಣ್ಣ ಮುಂದೆ ಬಂದಳು.

"ಆಮೇಲೆ" ಅಂದೆ. "ಮಾರನೇ ದಿನ. ಗೊತ್ತಾದ ಮೇಲೆ."

ಅವರು ಬಯ್ಯಲಿ ಅಂತ ಕಾದೆ. ಬಯ್ಯಲಿಲ್ಲ. ಕ್ಲಾಪರನ್ನು ನನ್ನ ಕೈಗೆ ವಾಪಸ್ ಇಟ್ಟು, ಗೆರೆಯ ಮೇಲೆ ಕೂತಿದ್ದ ಎಂಟು ಹುಡುಗಿಯರ ಕಡೆ ನೋಡಿ, "ಬಿಡಿ ಮೇಡಂ, ಕಾಯ್ತಾವ್ರೆ" ಅಂದರು.

ಹಲಗೆ ಎತ್ತಿ ಹಿಡಿದೆ. ಸೆಟ್ ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ.