ಅಂಗೈಗೆ ಕೇಳಿಸಿದ ಇಂಜಿನ್

ಗೆಳೆಯರೇ, ಯುದ್ಧ ಮುಗಿದ ಮೇಲೆ ಮಿಲಿಟರಿಯವರಿಂದ ನಾನು ಕೊಂಡ, ತಿಂಗಳಿಂದ ಆಗಾಗ ಅರಚುತ್ತಿದ್ದ ಹಳೇ ಮೋಟಾರ್ ಸೈಕಲ್ಲು ಇವತ್ತು ಉರಿಗಾಂ ತಿರುವಿನಲ್ಲಿ ತಾನಾಗಿಯೇ ಅಬ್ಬರಿಸಿ ಎತ್ತಿನ ಗಾಡಿಗೆ ನುಗ್ಗುವುದರಲ್ಲಿತ್ತು. ಸಿಟ್ಟಿನಲ್ಲಿ ಅದನ್ನು ಅಲ್ಲೇ ಹತ್ತಿರ ಗಾಡಿ ರಿಪೇರಿ ಮಾಡುವ ಮುನಿಯಪ್ಪಣ್ಣನ ಮನೆಗೆ ತಳ್ಳಿಕೊಂಡು ಹೋದೆ. ಇಲ್ಲಿನ ಚಿನ್ನದ ಗಣಿಯಲ್ಲಿ ಬಂಡೆ ಕೊರೆದೂ ಕೊರೆದೂ ಅವರ ಎರಡೂ ಕಿವಿಗಳು ಹೋಗಿವೆ.

"ಕಿವಿ ಕೇಳದೆ ಇಂಜಿನ್ ಹೇಗೆ ನೋಡ್ತಾರಮ್ಮ?" ಎಂದೆ.

"ಸುಮ್ನೆ ನಿಂತ್ಕೊಳ್ಳಿ ಮೇಷ್ಟ್ರೇ" ಎಂದರು ಅವರ ಹೆಂಡತಿ.

ಮುನಿಯಪ್ಪಣ್ಣ ಇಂಜಿನ್ ಶುರು ಮಾಡಿ, ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಹ್ಯಾಂಡಲನ್ನು ಎಡಕ್ಕೆ ತಿರುಗಿಸುತ್ತಿದ್ದಂತೆ ಇಂಜಿನ್ ಅರಚಿತು.

"ಕೇಬಲ್ ಬಿಗಿಯಾಗೈತೆ. ತಿರುಗ್ಸಿದಾಗೆಲ್ಲ ಆಕ್ಸಿಲರೇಟರ್ ಎಳೀತೈತೆ" ಎಂದು ಅದನ್ನು ಕೂದಲೆಳೆಯಷ್ಟು ಸಡಿಲಿಸಿದರು. ಆಮೇಲೆ ಗಾಡಿ ನಿಂತಿದ್ದಾಗಿನ ಇಂಜಿನ್ ವೇಗ ಹೊಂದಿಸುವ ಐಡ್ಲಿಂಗ್ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರು. ಇಂಜಿನ್ ಒಂದೇ ಹದದಲ್ಲಿ ಮೆಲ್ಲಗೆ ಬಡಿಯತೊಡಗಿತು. ಹ್ಯಾಂಡಲ್ ಎತ್ತ ತಿರುಗಿಸಿದರೂ ಕೆರಳಲಿಲ್ಲ.

"ಸದ್ದು ಎಂಗೈತೆ ಮೇಷ್ಟ್ರೇ?"

ಬೆರಗಾಗಿ ನಿಂತಿದ್ದ ನಾನು, ಭೇಷಾಗಿದೆ ಎಂದು ಕೈಸನ್ನೆ ಮಾಡಿದೆ.

ತಿಂಗಳಿಂದ ಆ ಅರಚಾಟ ಕೇಳಿಯೂ ಕಾರಣ ತಿಳಿಯದ ನನ್ನ ಕಿವಿಯನ್ನು ಅವರು ಹೇಗೆ ನಂಬಿಯಾರು? ಇನ್ನೊಮ್ಮೆ ಟ್ಯಾಂಕಿನ ಮೇಲೆ ಅಂಗೈ ಇಟ್ಟು ನೋಡಿಯೇ ಗಾಡಿ ಕೊಟ್ಟರು.